ಬಾಹ್ಯಾಕಾಶ ನಿಲ್ದಾಣದಲ್ಲಿ ನೀರಿನ ಮರುಬಳಕೆ: ಡ್ರಮ್ ಏಕೆ ತಿರುಗಬೇಕು, ಎಲ್ಲಿ ಕಟ್ಟಿಕೊಳ್ಳುತ್ತದೆ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೂತ್ರದಿಂದ ನೀರು ತೆಗೆಯುವ ಡ್ರಮ್ ಏಕೆ ತಿರುಗಬೇಕು ಎಂದು ಕೇಳಿದರೆ, ಅಲ್ಲಿ ಗುರುತ್ವವೇ ಇಲ್ಲ ಎಂದು ಉತ್ತರ ಬರೆಯಬೇಡಿ. ಸುಮಾರು 400 ಕಿ.ಮೀ. ಎತ್ತರದಲ್ಲೂ ಗುರುತ್ವ ವೇಗೋತ್ಕರ್ಷ ಸುಮಾರು 8.7 ಮೀ/ಸೆ² ಇರುತ್ತದೆ. ನಿಲ್ದಾಣವೂ ಅದರೊಳಗಿನ ನೀರೂ ಒಟ್ಟಿಗೇ ಬೀಳುತ್ತಿರುವುದರಿಂದ ತೂಕ ಕಾಣುವುದಿಲ್ಲ, ಅಷ್ಟೆ. ಹೀಗಾಗಿ ಗುಳ್ಳೆ ಮೇಲೇಳದು, ಗಸಿ ತಳದಲ್ಲಿ ಕೂರದು. ನೆಲದ ಮೇಲೆ ತಾನಾಗಿ ನಡೆಯುವ ಈ ಬೇರ್ಪಡಿಕೆಯನ್ನು ಅಲ್ಲಿ ಯಂತ್ರವೇ ಮಾಡಬೇಕು.

2008ರ ನವೆಂಬರ್‌ನಲ್ಲಿ ಅಮೆರಿಕದ ಬಾಹ್ಯಾಕಾಶ ಷಟಲ್‌ನ ಎಸ್‌ಟಿಎಸ್-126 ಯಾನ ಹೊತ್ತೊಯ್ದ ಮೂತ್ರ ಸಂಸ್ಕರಣ ಘಟಕವನ್ನೇ ನೋಡಿ. ಮೊದಲು ಮೂತ್ರಕ್ಕೆ ಆಮ್ಲ ಮತ್ತು ಕ್ರೋಮಿಯಂನ ಉತ್ಕರ್ಷಣಕಾರಿ ಸಂಯುಕ್ತ ಬೆರೆಸುತ್ತಾರೆ. ಸೂಕ್ಷ್ಮಜೀವಿಗಳು ಬೆಳೆಯದಂತೆ, ಯೂರಿಯಾ ಒಡೆದು ಅಮೋನಿಯಾ ಆವಿಯೊಂದಿಗೆ ಸೇರದಂತೆ ಇದು ತಡೆಯುತ್ತದೆ. ಆಮೇಲೆ ದ್ರವ ತಿರುಗುವ ಡ್ರಮ್‌ಗೆ ಹೋಗುತ್ತದೆ. ತಿರುಗುವಿಕೆಯಿಂದ ಅದು ಒಳಗೋಡೆಗೆ ತೆಳುವಾಗಿ ಅಂಟಿಕೊಳ್ಳುತ್ತದೆ, ಆವಿ ನಡುವೆ ಉಳಿಯುತ್ತದೆ. ಒತ್ತಡ ತೀರಾ ಕಡಿಮೆ ಇರುವುದರಿಂದ ಕೋಣೆಯ ತಾಪಮಾನದ ಆಸುಪಾಸಿನಲ್ಲೇ ನೀರು ಕುದಿಯುತ್ತದೆ. ಮುಂದಿನ ಹಂತ ತುಂಬ ಚೆಂದ: ಸಂಪೀಡಕ ಆ ಆವಿಯನ್ನು ಒತ್ತಿ ಡ್ರಮ್‌ನ ಹೊರಮೈಗೆ ಕಳಿಸುತ್ತದೆ. ಒತ್ತಡ ಏರಿದ್ದರಿಂದ ಆವಿ ತುಸು ಹೆಚ್ಚಿನ ತಾಪಮಾನದಲ್ಲೇ ಸಾಂದ್ರೀಕರಿಸುತ್ತದೆ, ಆಗ ಅದು ಬಿಟ್ಟುಕೊಡುವ ಶಾಖ (ಗುಪ್ತೋಷ್ಣ) ಗೋಡೆಯ ಮೂಲಕ ಒಳಗಿನ ದ್ರವವನ್ನು ಮತ್ತೆ ಕುದಿಸುತ್ತದೆ. ವಿದ್ಯುತ್ ಉಳಿಯುವುದು ಇಲ್ಲೇ.

ತೊಡಕು ಬಂದದ್ದು ಯಂತ್ರದ ಲೆಕ್ಕದಿಂದಲ್ಲ, ಮೂಳೆಯಿಂದ. ತೂಕ ಹೊರುವ ಕೆಲಸವಿಲ್ಲದ ಮೂಳೆಗಳು ತಿಂಗಳಿಗೆ ಸುಮಾರು 1% ಖನಿಜ ಕಳೆದುಕೊಳ್ಳುತ್ತವೆ. ಆ ಕ್ಯಾಲ್ಸಿಯಂ ಮೂತ್ರಕ್ಕೆ ಬರುತ್ತದೆ. ಮೊದಲು ಬಳಸುತ್ತಿದ್ದದ್ದು ಸಲ್ಫ್ಯೂರಿಕ್ ಆಮ್ಲ. ನೀರು ಆವಿಯಾದಂತೆ ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಎರಡೂ ಸಾಂದ್ರವಾಗಿ, ಕರಗುವಿಕೆಯ ಮಿತಿ ದಾಟಿ ಜಿಪ್ಸಂ ಹರಳಾಗಿ ಡ್ರಮ್‌ನಲ್ಲಿ ಕಟ್ಟಿಕೊಂಡವು. 85% ನೀರು ಮರಳಿಸಲೆಂದು ರೂಪಿಸಿದ ಘಟಕವನ್ನು 70–75%ಕ್ಕೇ ನಿಲ್ಲಿಸಬೇಕಾಯಿತು. ಪರಿಹಾರವಾಗಿ ಸಲ್ಫ್ಯೂರಿಕ್ ಬದಲು ಫಾಸ್ಫಾರಿಕ್ ಆಮ್ಲ ಬಂತು. ಕ್ಯಾಲ್ಸಿಯಂ ಫಾಸ್ಫೇಟ್ ಆಮ್ಲೀಯ ದ್ರಾವಣದಲ್ಲಿ ಕರಗಿಯೇ ಇರುತ್ತದೆ.

ಬಟ್ಟಿ ಇಳಿದ ನೀರು, ಗಾಳಿಯಿಂದ ಹಿಡಿದ ಬೆವರು–ಉಸಿರಿನ ತೇವ ಎರಡೂ ಸೇರಿ ಸೋಸುವ ಹಾಸುಗಳನ್ನು, ಆಮ್ಲಜನಕದೊಂದಿಗೆ ಕೆಲಸ ಮಾಡುವ ಬಿಸಿ ಕ್ರಿಯಾವರ್ಧಕವನ್ನು ಹಾದು, ಕೊನೆಗೆ ಅಯೋಡಿನ್ ಪಡೆಯುತ್ತವೆ. ವಿದ್ಯುತ್ ವಾಹಕತೆ ಮಿತಿ ಮೀರಿದರೆ ನೀರು ಹಿಂದಕ್ಕೆ. ಆದರೆ ವಾಹಕತೆ ಅಳೆಯುವ ಸಂವೇದಕಕ್ಕೆ ಅಯಾನುಗಳಷ್ಟೇ, ಅಂದರೆ ವಿದ್ಯುದಾವೇಶವಿರುವ ಕಣಗಳಷ್ಟೇ ಕಾಣುತ್ತವೆ. 2010ರಲ್ಲಿ ನೀರಿನ ಒಟ್ಟು ಸಾವಯವ ಇಂಗಾಲ (ಸಾವಯವ ಕಲ್ಮಶಗಳ ಅಳತೆ) ಏರತೊಡಗಿದಾಗ ಕಾರಣವಾಗಿ ಸಿಕ್ಕಿದ್ದು ಡೈಮೀಥೈಲ್‌ಸಿಲೇನ್‌ಡಯೋಲ್. ಗಾಳಿಯಲ್ಲಿನ ಸಿಲೋಕ್ಸೇನ್ ಎಂಬ ಸಿಲಿಕಾನ್ ಸಂಯುಕ್ತಗಳಿಂದ ಹುಟ್ಟುವ ಇದು ಅಯಾನಲ್ಲ, ಹಾಸುಗಳಿಗೂ ಸುಲಭವಾಗಿ ಸಿಗುವುದಿಲ್ಲ. ಅದಕ್ಕೇ ಇಂಗಾಲವನ್ನು ಪ್ರತ್ಯೇಕವಾಗಿ ಅಳೆಯುವುದು.

ಡ್ರಮ್‌ನಲ್ಲಿ ಬಟ್ಟಿ ಇಳಿಸಿದ ಮೇಲೆ ಉಳಿದ ಗಾಢ ದ್ರವದಿಂದಲೂ ನೀರು ತೆಗೆಯಲು 2021ರಲ್ಲಿ ಇನ್ನೊಂದು ಘಟಕ ಹೋಯಿತು. ಆವಿಯನ್ನು ಮಾತ್ರ ಬಿಡುವ ಪೊರೆಯ ಚೀಲದ ಸುತ್ತ ಬೆಚ್ಚನೆಯ ಒಣ ಗಾಳಿ ಹಾಯಿಸಿದರೆ ನೀರು ಗಾಳಿಗೆ ಸೇರಿ, ತೇವವಾಗಿ ಮತ್ತೆ ಸಿಗುತ್ತದೆ. ಒಟ್ಟು ಮರುಬಳಕೆ 93–94%ರಿಂದ 2023ರಲ್ಲಿ 98%ಕ್ಕೆ ಏರಿತು. ವ್ಯತ್ಯಾಸ ಚಿಕ್ಕದೆನಿಸಿದರೆ ಲೆಕ್ಕ ಹಾಕಿ: ಒಬ್ಬರಿಗೆ ದಿನಕ್ಕೆ 3.8 ಲೀಟರ್‌ನಂತೆ 7 ಜನಕ್ಕೆ 26.6 ಲೀಟರ್. 94% ಆದರೆ ದಿನದ ನಷ್ಟ ಸುಮಾರು 1.6 ಲೀಟರ್, 98% ಆದರೆ 0.53. ವರ್ಷಕ್ಕೆ ಸುಮಾರು 390 ಲೀಟರ್ ನೀರನ್ನು ರಾಕೆಟ್‌ನಲ್ಲಿ ಹೊರುವುದು ತಪ್ಪಿತು.