ಹೊಳೆ ದಾಟಿದ ರಾಜದೈವ: ನಾರ್ವೆಯ ಸಪ್ತಕೋಟೀಶ್ವರ

ಗೋವಾದ ಕನ್ನಡಿಗರು ನಿತ್ಯ ಹತ್ತಿಳಿಯುವ ಸರ್ಕಾರಿ ಬಸ್ಸಿಗೆ ಕದಂಬರ ಹೆಸರಿದೆ. ಆದರೆ ಆ ಅರಸರ ಕುಲದೈವ ಎಲ್ಲಿ ನೆಲೆಸಿದೆ ಎಂದು ಕೇಳಿದರೆ, ವಾಸ್ಕೋ, ಮಡಗಾಂವಗಳಲ್ಲಿ ತಲೆಮಾರುಗಳಿಂದ ಇರುವವರಲ್ಲಿಯೂ ಹಲವರು ತಡವರಿಸುತ್ತಾರೆ. ಡಿಚೋಲಿ ತಾಲ್ಲೂಕಿನ ನಾರ್ವೆಯಲ್ಲಿರುವ ಸಪ್ತಕೋಟೀಶ್ವರನೇ ಆ ದೈವ.

ಹಾನಗಲ್ಲಿನ ಕದಂಬರು ಬನವಾಸಿಯ ಮಧುಕೇಶ್ವರನ ವರಪ್ರಸಾದ ಪಡೆದವರೆಂದು ಹೇಳಿಕೊಂಡರೆ, ಗೋವೆಯ ಶಾಖೆಯವರು ‘ಶ್ರೀ ಸಪ್ತಕೋಟೀಶ್ವರ ಲಬ್ಧವರಪ್ರಸಾದ’ ಎಂಬ ಬಿರುದನ್ನು ಧರಿಸಿದರು. ಸಿಂಹದ ಚಿತ್ರವಿರುವ ಅವರ ಚಿನ್ನದ ನಾಣ್ಯಗಳ ಮೇಲೆಯೂ ಇದೇ ಬಿರುದು ನಾಗರಿ ಲಿಪಿಯಲ್ಲಿದೆ. ‘ಬನವಾಸಿಪುರವರಾಧೀಶ್ವರ’ ಎಂಬ ಹಳೆಯ ಬಿರುದನ್ನು ಬಿಟ್ಟುಕೊಡದೆಯೇ ಕರಾವಳಿಯ ದೇವರೊಬ್ಬನನ್ನು ನಾಣ್ಯಕ್ಕೆ ತಂದದ್ದರಲ್ಲಿ ಭಕ್ತಿಯಷ್ಟೇ ರಾಜಕೀಯವೂ ಇತ್ತೆಂದು ನನಗೆ ತೋರುತ್ತದೆ: ವಂಶದ ಮೂಲ ಘಟ್ಟದ ಮೇಲಿನದಾದರೂ, ಆಳುವ ಹಕ್ಕು ಈ ನೆಲದ ದೇವರಿಂದಲೇ ಬಂದದ್ದೆಂದು ಆ ಬಿರುದು ಸಾರುತ್ತಿತ್ತು. ಸಪ್ತರ್ಷಿಗಳು ಏಳು ಕೋಟಿ ವರ್ಷ ತಪಸ್ಸು ಮಾಡಿ ಶಿವನನ್ನು ಒಲಿಸಿಕೊಂಡರೆಂದು ಸ್ಥಳಪುರಾಣ ಹೇಳುತ್ತದೆ.

ಆಗ ದೇವಾಲಯವಿದ್ದದ್ದು ಈಗಿನ ಜಾಗದಲ್ಲಲ್ಲ. ಮಾಂಡವಿ ನದಿಯ ನಡುವಿನ ದಿವಾಡಿ ದ್ವೀಪದಲ್ಲಿ. ಹದಿನಾಲ್ಕನೆಯ ಶತಮಾನದಲ್ಲಿ ಬಹಮನಿ ಸೈನ್ಯದಿಂದ ಅದು ಹಾಳಾದ ಬಳಿಕ, ಗೋವೆಯನ್ನು ಗೆದ್ದ ವಿಜಯನಗರದ ಮಾಧವ ಮಂತ್ರಿ ಲಿಂಗವನ್ನು ಮತ್ತೆ ಪ್ರತಿಷ್ಠಾಪಿಸಿದನು. ಕದಂಬರ ಆಳ್ವಿಕೆ ಮುಗಿದಿದ್ದರೂ ಅವರ ದೇವರನ್ನು ಹೊಸ ಅಧಿಕಾರ ಮರೆಯಲಿಲ್ಲ. ಗೋವೆ ಯಾರ ಕೈಗೆ ಬಂದಿದೆ ಎಂಬುದನ್ನು ತಿಳಿಸಲು ಅದಕ್ಕಿಂತ ಸ್ಪಷ್ಟವಾದ ದಾರಿ ಬೇರೆ ಇರಲಿಲ್ಲ.

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡರು. 1540ರ ಸುಮಾರಿಗೆ ತಿಸವಾಡಿಯ ಮತ್ತು ಸುತ್ತಲಿನ ದ್ವೀಪಗಳ ದೇಗುಲಗಳು ಒಂದೊಂದಾಗಿ ನೆಲಕ್ಕುರುಳಿದವು, ಸಪ್ತಕೋಟೀಶ್ವರನ ಗುಡಿಯೂ ಅವುಗಳಲ್ಲಿ ಸೇರಿತ್ತು. ಲಿಂಗವನ್ನು ಬಾವಿಯೊಂದಕ್ಕೆ ನೀರು ಸೇದುವ ಕಲ್ಲಾಗಿ ಅಳವಡಿಸಲಾಗಿತ್ತೆಂದೂ, ಭಕ್ತರು ಅದನ್ನು ಗುಟ್ಟಾಗಿ ನದಿಯಾಚೆಗೆ ಸಾಗಿಸಿದರೆಂದೂ ಐತಿಹ್ಯವಿದೆ. ಆಚೆ ದಡದ ಡಿಚೋಲಿ ಸೀಮೆ ಆಗ ಬಿಜಾಪುರದ ಆದಿಲಶಾಹಿಗೆ ಸೇರಿತ್ತು. ಒಬ್ಬ ಸುಲ್ತಾನನ ಸೈನ್ಯ ಕೆಡವಿದ್ದ ಗುಡಿಯ ದೇವರು ಇನ್ನೊಬ್ಬ ಸುಲ್ತಾನನ ಸೀಮೆಯಲ್ಲಿ ಆಶ್ರಯ ಪಡೆದನೆಂಬುದನ್ನು ಈ ಇತಿಹಾಸವನ್ನು ಒಂದೇ ಎಳೆಯಲ್ಲಿ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಈಗ ನಾವು ಕಾಣುವ ಕಟ್ಟಡಕ್ಕೆ ಮೂಲ 1668ರ ಜೀರ್ಣೋದ್ಧಾರ. ಆ ವರ್ಷದ ನವೆಂಬರಿನಲ್ಲಿ ಶಿವಾಜಿ ಅದಕ್ಕೆ ಅಪ್ಪಣೆ ಕೊಟ್ಟದ್ದನ್ನು ಬಾಗಿಲ ಮೇಲಿನ ಶಾಸನ ಶಕ ವರ್ಷ 1590, ಕೀಲಕ ಸಂವತ್ಸರ ಎಂದು ದಾಖಲಿಸಿದೆ. ಇಳಿಜಾರಾದ ಹಂಚಿನ ಮಾಡು, ಎಂಟು ಮೂಲೆಯ ಪೀಠದ ಮೇಲೆ ಕೂತ ತಗ್ಗಾದ ಗುಮ್ಮಟ, ಎದುರಿಗೆ ದೀಪಸ್ತಂಭ, ಪಕ್ಕದಲ್ಲಿ ಕಾಲಭೈರವನ ಗುಡಿ, ಇಷ್ಟು ಅಲ್ಲಿನ ರಚನೆ. ಬೇಲೂರು, ಹಾನಗಲ್ಲುಗಳ ಕೆತ್ತನೆ ಕಂಡವರಿಗೆ ಮೊದಲ ನೋಟದಲ್ಲಿ ನಿರಾಸೆಯಾದೀತು. ಆದರೆ ಇಲ್ಲಿ ಕದಂಬರ ಕಾಲದಿಂದ ಉಳಿದು ಬಂದದ್ದೆಂದು ಪೂಜೆಗೊಳ್ಳುವುದು ಗರ್ಭಗುಡಿಯ ಧಾರಾಲಿಂಗವೇ (ಮೈಮೇಲೆ ಉದ್ದನೆಯ ಪಟ್ಟಿಗಳಿರುವ ಲಿಂಗ) ಹೊರತು ಗೋಡೆಗಳಲ್ಲ. ಕದಂಬರ ಕಾಲದ ವಾಸ್ತುಶಿಲ್ಪವನ್ನೇ ನೋಡಬೇಕೆಂದರೆ ಅನಮೋಡ ಘಟ್ಟದ ಬುಡದ ತಾಂಬ್ಡಿ ಸುರ್ಲಾಕ್ಕೆ ಹೋಗಬೇಕು. ದಟ್ಟ ಕಾಡಿನ ನಡುವಿದ್ದ ಕಾರಣಕ್ಕೆ ಅಲ್ಲಿನ ಕರಿಗಲ್ಲಿನ ಮಹಾದೇವ ದೇಗುಲ ಉಳಿದುಕೊಂಡಿತೆಂದು ಹೇಳುತ್ತಾರೆ.

ನಾರ್ವೆಯ ಗುಡಿಯನ್ನು ಗೋವಾ ಸರ್ಕಾರ ಮತ್ತೊಮ್ಮೆ ದುರಸ್ತಿ ಮಾಡಿಸಿ 2023ರ ಫೆಬ್ರವರಿಯಲ್ಲಿ ಭಕ್ತರಿಗೆ ತೆರೆಯಿತು. ಆ ಹೊತ್ತಿನ ಸಮಾರಂಭದಲ್ಲಿ ಹೆಚ್ಚು ಕೇಳಿಬಂದದ್ದು ಶಿವಾಜಿಯ ಹೆಸರು. ಶಾಸನವೇ ಬಾಗಿಲ ಮೇಲಿರುವಾಗ ಅದು ಸಹಜ. ಕದಂಬರ ಬಿರುದನ್ನು ಓದಬೇಕಾದರೆ ನಾಣ್ಯಗಳತ್ತ, ಹಳೆಯ ಶಾಸನಗಳತ್ತ ತಿರುಗಬೇಕಾಗುತ್ತದೆ.