ಟ್ಯೂಬ್ ಮೇಲೆ ಟ್ಯೂಬ್ ಹಾಕಿದ್ರೂ ಹೋಗದ ಕೆಚ್ಚಲು ಬಾವು, ಪಾಚಿ ಇರಬಹುದಾ?

ಪ್ರಶ್ನೆ: ಹಸುಗೆ ಒಂದು ಮೊಲೇಲಿ ಕೆಚ್ಚಲು ಬಾವು, ಮೂರು ಸಲ ಆಂಟಿಬಯಾಟಿಕ್ ಟ್ಯೂಬ್ ಹಾಕ್ಸಿದ್ವಿ, ಮತ್ತೆ ಅದೇ ನೀರು ನೀರು ಹಾಲು. ಈಗ ಪಾಚಿ ಇರ್ಬೋದು ಅಂತಿದಾರೆ. ತೊಟ್ಟಿ ಪಾಚಿ ಕೆಚ್ಚಲೊಳಗೆ ಹೋಗತ್ತಾ?

ಉತ್ತರ: ತೊಟ್ಟಿ ಗೋಡೆ ಮೇಲಿನ ಹಸಿರು ಪಾಚಿಯಂತೂ ಅಲ್ಲ, ಅದರ ದಾಯಾದಿ ಅನ್ನಿ. ಹೆಸರು ಪ್ರೊಟೊಥೀಕಾ. ಯಾವತ್ತೋ ಇದರ ವಂಶದಲ್ಲೂ ಹಸಿರು ಇತ್ತು, ಆಮೇಲೆ ಬಿಸಿಲಲ್ಲಿ ಆಹಾರ ಮಾಡ್ಕೊಳೋ ಕೆಲಸಾನೇ ಬಿಟ್ಟು ಕೊಳೆತಿದ್ದನ್ನ ಹೀರಿ ಬದುಕೋಕೆ ಶುರು ಮಾಡ್ತು, ಅದಕ್ಕೇ ಬಣ್ಣ ಇಲ್ಲ, ಬರಿಗಣ್ಣಿಗೂ ಕಾಣಲ್ಲ. ಸಗಣಿ, ಕೆಸರು, ನಿಂತ ನೀರು, ಒದ್ದೆ ನೆಲ, ಇಲ್ಲೆಲ್ಲ ಇರತ್ತೆ. ಹಸು ಕೆಚ್ಚಲಲ್ಲಿ ಇದು ಸಿಕ್ಕಿದ್ದು ಮೊದಲು ವರದಿಯಾಗಿದ್ದು 1952ರಲ್ಲಿ, ಜರ್ಮನಿಯಲ್ಲಿ. ಹೆಚ್ಚು ಕಾಟ ಕೊಡೋ ಜಾತಿಗೆ 2019ರಿಂದ ಪ್ರೊಟೊಥೀಕಾ ಬೋವಿಸ್ ಅಂತಾರೆ, ಹಳೇ ರಿಪೋರ್ಟಲ್ಲಿ ಜೋಫೈ ಅಂತ ಇದ್ರೆ ಗಾಬರಿ ಬೇಡ.

ಟ್ಯೂಬ್ ಯಾಕೆ ಕೆಲಸ ಮಾಡಲ್ಲ ಅಂದ್ರೆ ಆ ಔಷಧಿಗಳು ಬ್ಯಾಕ್ಟೀರಿಯಾದ ಗೋಡೆ ಒಡೆಯೋಕೋ ಅದರ ಪ್ರೋಟೀನ್ ತಯಾರಿ ನಿಲ್ಸೋಕೋ ಅಂತ ಇರೋವು, ಪಾಚಿ ಜೀವಕೋಶದ ಕಟ್ಟಡವೇ ಬೇರೆ. ಟ್ಯೂಬ್ ತುದಿ, ಮೊಲೆ ತುದಿ ಕ್ಲೀನ್ ಇಲ್ದೆ ಹಾಕಿದ್ರೆ ನಾವೇ ಒಳಗೆ ತಳ್ಳಿದ ಹಾಗೂ ಆಗತ್ತೆ!

ಲಕ್ಷಣ ನೋಡಿ ಹೇಳೋದು ಕಷ್ಟ. ಸಾಮಾನ್ಯವಾಗಿ ಜ್ವರ ಇರಲ್ಲ, ಮೇವು ತಿಂತಾನೇ ಇರತ್ತೆ, ಹಾಲು ಇಳಿಯತ್ತೆ, ತೆಳ್ಳಗೆ ಬಿಳಿ ಚೂರು ಚೂರು ಬರತ್ತೆ, ಕೆಲವಕ್ಕೆ ಆ ಭಾಗ ಗಟ್ಟಿಯಾಗತ್ತೆ, ಇನ್ನು ಕೆಲವಕ್ಕೆ ಸೊಮ್ಯಾಟಿಕ್ ಸೆಲ್ ಕೌಂಟ್ (ಹಾಲಲ್ಲಿ ಬರೋ ಹಸುವಿನದೇ ಜೀವಕೋಶಗಳ ಲೆಕ್ಕ, ಬಾವು ಇದ್ರೆ ಏರತ್ತೆ) ಜಾಸ್ತಿ ಇರೋದು ಬಿಟ್ರೆ ಹೊರಗಡೆ ಏನೂ ಗೊತ್ತಾಗಲ್ಲ. ಅದಕ್ಕೇ ನಾಲ್ಕನೇ ಟ್ಯೂಬಿಗೆ ಮುಂಚೆ ಹಾಲಿನ ಕಲ್ಚರ್ ಮಾಡ್ಸಿ, ಅಂದ್ರೆ ಹಾಲಲ್ಲಿ ಯಾವ ಸೂಕ್ಷ್ಮಜೀವಿ ಇದೆ ಅಂತ ಲ್ಯಾಬಲ್ಲಿ ಪ್ಲೇಟ್ ಮೇಲೆ ಬೆಳೆಸಿ ನೋಡೋ ಪರೀಕ್ಷೆ, ಪ್ರೊಟೊಥೀಕಾ ಡೌಟ್ ಇದೆ ಅಂತ ಬಾಯ್ಬಿಟ್ಟು ಹೇಳಿ. ಪ್ಲೇಟ್ ಮೇಲೆ ಒಂದೆರಡು ದಿನಕ್ಕೆ ಬೂದು ಬಿಳಿ ಚುಕ್ಕೆಗಳು ಏಳ್ತಾವೆ, ನೋಡೋಕೆ ಥೇಟ್ ಯೀಸ್ಟ್, ಅವಸರದಲ್ಲಿ ಯೀಸ್ಟ್ ಅಂತಲೇ ಬರೆದುಬಿಡ್ಬೋದು. ಮೈಕ್ರೋಸ್ಕೋಪಲ್ಲಿ ಇಟ್ರೆ ಗುಟ್ಟು ಹೊರಗೆ: ಯೀಸ್ಟ್ ಪಕ್ಕದಲ್ಲಿ ಮೊಗ್ಗು ಬಿಡತ್ತೆ, ಇದು ಹೊಟ್ಟೆ ಒಳಗೇ ಮರಿಕೋಶ ತುಂಬ್ಕೊಂಡಿರತ್ತೆ, ದಾಳಿಂಬೆಲಿ ಬೀಜ ಒತ್ಕೊಂಡಿರೋ ಥರ, ಆಮೇಲೆ ಗೋಡೆ ಬಿರಿದು ಎಲ್ಲ ಹೊರಗೆ ಬರತ್ತೆ. ಒಂದು ಸಲ ನೆಗೆಟಿವ್ ಬಂತು ಅಂತ ನಿರಾಳ ಆಗ್ಬೇಡಿ, ಕೆಲವು ದಿನ ಹಾಲಲ್ಲಿ ಬಂದು ಕೆಲವು ದಿನ ಬರದೇ ಇರತ್ತೆ.

ಪಾಸಿಟಿವ್ ಬಂದ್ರೆ? ನೇರವಾಗಿ ಹೇಳ್ತೀನಿ, ನಂಬ್ಕೊಳೋ ಅಂಥ ಔಷಧಿ ಇಲ್ಲ. ಹಾಲು ಬತ್ತಿಸಿದ್ರೂ ಒಳಗೇ ಕೂತು ಮುಂದಿನ ಕರು ಹಾಕಿದ್ಮೇಲೆ ಮತ್ತೆ ಕಾಣಿಸ್ಕೊಳತ್ತೆ. ಆ ಹಸುನ ಬೇರೆ ಕಟ್ಟಿ, ಕೊನೇಲಿ ಹಿಂಡಿ, ಮೆಷಿನ್ ಆದ್ರೆ ಲೈನರ್ (ಮೊಲೆಗೆ ಹಾಕೋ ರಬ್ಬರ್ ಕೊಳವೆ) ಚೆನ್ನಾಗಿ ತೊಳೀರಿ, ಹಿಂಡಿದ್ಮೇಲೆ ಮೊಲೆನ ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಿಂಡಲ್ಲಿ ಇಟ್ಕೋಬೇಕಾ ಬೇಡ್ವಾ ಅಂತ ಡಾಕ್ಟ್ರ ಹತ್ರ ಕೂತು ಮಾತಾಡಿ, ಬಹಳ ಸಲ ತೆಗೆಯೋದೇ ಉಳಿಯೋ ದಾರಿ. ಇನ್ನೊಂದು, ವೇಸ್ಟ್ ಆಗತ್ತೆ ಅಂತ ಆ ಹಾಲನ್ನ ಕರುಗೆ ಕುಡಿಸ್ಬೇಡಿ, ಅದು ಕರುಳಲ್ಲಿ ಸಾಯಲ್ಲ, ಸಗಣೀಲಿ ಜೀವಂತ ಬಂದು ಅದೇ ನೆಲದ ಮೇಲೆ ಬೀಳತ್ತೆ.