ಸ್ಮಶಾನ ಪಾರ್ಕ್ ಆಗಲಿ, ಆದರೆ ಕಲ್ಲುಗಳು ಅಲ್ಲೇ ಇರಲಿ

ಲಂಡನ್ನಿನ ಬ್ಯಾಂಕುಗಳು, ಆಫೀಸುಗಳು ಒತ್ತೊತ್ತಾಗಿ ನಿಂತಿರುವ ಕಡೆಯೇ ಬನ್‌ಹಿಲ್ ಫೀಲ್ಡ್ಸ್ ಅಂತ ಒಂದು ಚಿಕ್ಕ ಪಾರ್ಕ್ ಇದೆ. ಸುಮಾರು ನಾಲ್ಕು ಎಕರೆ, ಅಷ್ಟೇ. ಮಧ್ಯಾಹ್ನ ಆಫೀಸಿನವರು ಬಂದು ಬೆಂಚಿನ ಮೇಲೆ ಕೂತು ಊಟ ಮಾಡುತ್ತಾರೆ. ಅವರ ಕಾಲ ಕೆಳಗಿನ ಮಣ್ಣಿನಲ್ಲಿ ಸುಮಾರು 1,23,000 ಜನರನ್ನು ಹೂಳಲಾಗಿದೆ. 1665ರ ಪ್ಲೇಗಿನ ವರ್ಷ ಶುರುವಾದ ಈ ಸ್ಮಶಾನ 1854ರಲ್ಲಿ ಮುಚ್ಚಿತು. 1869ರಲ್ಲಿ ಪಾರ್ಕ್ ಆಗಿ ತೆರೆಯಿತು.

ಹಳೆಯ ಸ್ಮಶಾನವನ್ನು ಪಾರ್ಕ್ ಮಾಡುವುದು ಒಳ್ಳೆಯ ಕೆಲಸ ಅಂತಲೇ ನನ್ನ ನಂಬಿಕೆ. ಆದರೆ ಅದನ್ನು ಹೇಗೆ ಮಾಡುತ್ತೇವೆ ಅನ್ನುವುದು ಬಹಳ ಮುಖ್ಯ. ಕಲ್ಲುಗಳನ್ನೆಲ್ಲ ಕಿತ್ತು ಗೋಡೆಗೆ ಒರಗಿಸಿ, ಮಧ್ಯೆ ಹುಲ್ಲು ಹಾಸಿ, ಗೇಟಿಗೆ 'ಸ್ಮಾರಕ ಉದ್ಯಾನ' ಅಂತ ಬೋರ್ಡ್ ಹಾಕಿದರೆ ಕಳೆದುಹೋಗುವುದು ಜಾಸ್ತಿ, ಉಳಿಯುವುದು ಕಡಿಮೆ. ಭಾವನೆಯ ಮಾತು ಮಾತ್ರ ಅಲ್ಲ ಇದು. ವಿಜ್ಞಾನಕ್ಕೂ ಅದು ದೊಡ್ಡ ನಷ್ಟ.

ಮೊದಲು, ಈ ಸ್ಮಶಾನಗಳು ಮುಚ್ಚಿದ್ದು ಯಾಕೆ ಅಂತ ನೋಡೋಣ. 1848-49ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದು ಸುಮಾರು 14,000 ಜನ ಸತ್ತರು. ಆಗ ಡಾಕ್ಟರುಗಳೂ ಅಧಿಕಾರಿಗಳೂ ನಂಬಿದ್ದು ಕೆಟ್ಟ ಗಾಳಿಯ ಸಿದ್ಧಾಂತವನ್ನು. ಕೊಳೆತ ವಸ್ತುಗಳಿಂದ ಏಳುವ ದುರ್ವಾಸನೆಯೇ ರೋಗ ತರುತ್ತದೆ ಅಂತ. ಜಾರ್ಜ್ ಆಲ್ಫ್ರೆಡ್ ವಾಕರ್ ಅನ್ನುವ ಸರ್ಜನ್ ಹತ್ತು ವರ್ಷ ಮುಂಚಿನಿಂದಲೇ ಊರೊಳಗಿನ ಸ್ಮಶಾನಗಳ ವಿರುದ್ಧ ಹೋರಾಡುತ್ತಿದ್ದರು. ಸ್ಮಶಾನಗಳು ನಿಜಕ್ಕೂ ತುಂಬಿ ತುಳುಕುತ್ತಿದ್ದವು, ಹೊಸ ಹೆಣ ಹೂಳಲು ಹಳೆಯ ಮೂಳೆಗಳನ್ನು ಅಗೆದು ಹಾಕಬೇಕಾದ ಸ್ಥಿತಿ. 1852ರಲ್ಲಿ ಕಾನೂನು ಬಂತು. ಊರೊಳಗಿನ ಸ್ಮಶಾನಗಳು ಒಂದೊಂದಾಗಿ ಮುಚ್ಚಿದವು.

ಬನ್‌ಹಿಲ್ ಮುಚ್ಚಿದ 1854ರಲ್ಲೇ ಜಾನ್ ಸ್ನೋ ಅನ್ನುವ ಡಾಕ್ಟರು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಆದ ಸಾವುಗಳನ್ನು ಲೆಕ್ಕ ಹಾಕಿ, ಕಾಲರಾ ಹರಡುವುದು ಗಾಳಿಯಿಂದಲ್ಲ, ಕೊಳಕು ನೀರಿನಿಂದ ಅಂತ ತೋರಿಸಿಕೊಟ್ಟರು. ಅಂದರೆ, ಸ್ಮಶಾನಗಳನ್ನು ಮುಚ್ಚಿಸಿದ ವಿಜ್ಞಾನವೇ ತಪ್ಪಾಗಿತ್ತು! ಆದರೂ ಅದರಿಂದ ಊರಿಗೆ ಒಳ್ಳೆಯದಾಯಿತು. 1884ರಲ್ಲಿ ಇನ್ನೊಂದು ಕಾನೂನು ಬಂದು, ಮುಚ್ಚಿದ ಸ್ಮಶಾನದ ಮೇಲೆ ಚರ್ಚನ್ನು ವಿಸ್ತರಿಸಬಹುದೇ ಹೊರತು ಬೇರೆ ಕಟ್ಟಡ ಕಟ್ಟುವಂತಿಲ್ಲ ಅಂತ ಹೇಳಿತು. ಲಂಡನ್ನಿನ ಹಳೆಯ ಭಾಗದಲ್ಲಿ ಇವತ್ತು ಕಾಣುವ ಎಷ್ಟೋ ಪುಟ್ಟ ಹಸಿರು ಜಾಗಗಳು ಉಳಿದಿದ್ದೇ ಹೀಗೆ. 1890ರ ದಶಕದಲ್ಲಿ ಇಸಬೆಲ್ಲಾ ಹೋಮ್ಸ್ ಅನ್ನುವಾಕೆ ನಗರದ ಗಲ್ಲಿಗಳಲ್ಲಿ ಓಡಾಡಿ, ಹಿತ್ತಿಲುಗಳ ಹಿಂದೆ ಮರೆಯಾಗಿದ್ದ ಸ್ಮಶಾನಗಳನ್ನೂ ಹುಡುಕಿ ಪಟ್ಟಿ ಮಾಡಿದರು. ಅವರು ಸುಮ್ಮನಿದ್ದಿದ್ದರೆ ಇನ್ನಷ್ಟು ಜಾಗ ಯಾರಿಗೂ ಗೊತ್ತಿಲ್ಲದೆ ಹೋಗುತ್ತಿತ್ತು.

ಇನ್ನು ಮಣ್ಣಿನ ವಿಷಯ. ಹಳೆಯ ಸ್ಮಶಾನದಲ್ಲಿ ಮಕ್ಕಳು ಆಡಬಹುದಾ ಅಂತ ಜನ ಹೆದರುವುದು ಸಹಜ. ದೇಹದ ಮೆತ್ತನೆಯ ಭಾಗಗಳನ್ನು ಬ್ಯಾಕ್ಟೀರಿಯಾಗಳು ಕರಗಿಸುತ್ತವೆ. ಗಾಳಿಯಾಡುವ ಮಣ್ಣಾದರೆ ಈ ಕೆಲಸ ಬೇಗ ಮುಗಿಯುತ್ತದೆ. ನೀರು ನಿಲ್ಲುವ ಜೇಡಿಮಣ್ಣಾದರೆ ಆಮ್ಲಜನಕ ಸಿಗುವುದಿಲ್ಲ. ಆಗ ದೇಹದ ಕೊಬ್ಬು ಸಾಬೂನಿನಂಥ ಬಿಳಿ ಮೇಣವಾಗಿ ಬದಲಾಗಿ ಎಷ್ಟೋ ಕಾಲ ಹಾಗೇ ಉಳಿಯಬಹುದು. ಮೂಳೆ ಉಳಿಯುತ್ತದಾ ಇಲ್ಲವಾ ಅನ್ನುವುದನ್ನು ಮಣ್ಣಿನ ಆಮ್ಲತೆ ನಿರ್ಧರಿಸುತ್ತದೆ. ದೇಹದ ಸಾರಜನಕ ಬೇಗ ಕರಗಿ ಹೋಗುತ್ತದೆ. ರಂಜಕ ಹಾಗಲ್ಲ, ಅದು ಮಣ್ಣಿನ ಕಣಗಳಿಗೆ ಅಂಟಿಕೊಂಡು ಶತಮಾನಗಳ ಕಾಲ ಕೂರುತ್ತದೆ. ಪುರಾತತ್ವದವರು ಮಣ್ಣಿನ ರಂಜಕ ಅಳೆದೇ ಹಿಂದೆ ಎಲ್ಲಿ ಜನ, ಜಾನುವಾರು ಇದ್ದರು ಅಂತ ಪತ್ತೆ ಮಾಡುವುದುಂಟು.

ನೂರೈವತ್ತು ವರ್ಷ ಕಳೆದ ಮೇಲೆ ಕಾಲರಾದಂಥ ರೋಗಾಣುಗಳು ಆ ಮಣ್ಣಿನಲ್ಲಿ ಬದುಕಿ ಉಳಿಯುವುದಿಲ್ಲ. ಸೀಸದ ಶವಪೆಟ್ಟಿಗೆಗಳ ಸೀಸ ಮಾತ್ರ ಎಲ್ಲೂ ಹೋಗುವುದಿಲ್ಲ. ಅದು ತೊಂದರೆ ಕೊಡುವುದು ಮುಖ್ಯವಾಗಿ ಮಣ್ಣು ಅಗೆದಾಗ. ಇನ್ನೊಂದು ಸಮಸ್ಯೆ, ಒಳಗಿನ ಪೆಟ್ಟಿಗೆಗಳು ಕುಸಿದಾಗ ನೆಲವೂ ಅಲ್ಲಲ್ಲಿ ಕುಸಿಯುತ್ತದೆ. ಹಾಗಾಗಿ ದಾರಿಗಳನ್ನು ಮಣ್ಣಿನ ಮೇಲೆಯೇ ಹಾಸಬೇಕು, ಭಾರದ ಯಂತ್ರ ತರಬಾರದು, ಕಾರಂಜಿ ಗೀರಂಜಿ ಅಂತ ಗುಂಡಿ ತೋಡಬಾರದು.

ಈಗ ಕಲ್ಲುಗಳಿಗೆ ಬರೋಣ. ನನಗೆ ತುಂಬ ಇಷ್ಟವಾದ ಭಾಗ ಇದು.

ಗೋರಿಕಲ್ಲು ಅಂದರೆ ತಾರೀಖು ಬರೆದಿಟ್ಟ ಕಲ್ಲು. ಹೆಚ್ಚುಕಮ್ಮಿ ಯಾವ ವರ್ಷ ಅದರ ಮೈ ನಯವಾಗಿ, ಹೊಸದಾಗಿ ಇತ್ತು ಅಂತ ನಮಗೆ ಗೊತ್ತು. ಬೆಟ್ಟದ ಬಂಡೆಯ ಮೇಲೆ ಇಂಥ ಮಾಹಿತಿ ಎಲ್ಲಿ ಸಿಗಬೇಕು? 1880ರಲ್ಲಿ ಆರ್ಚಿಬಾಲ್ಡ್ ಗೀಕಿ ಅನ್ನುವ ಭೂವಿಜ್ಞಾನಿ ಎಡಿನ್‌ಬರೋ ನಗರದ ಚರ್ಚ್ ಅಂಗಳಗಳ ಗೋರಿಗಳನ್ನು ನೋಡಿ, ಕಲ್ಲು ಎಷ್ಟು ಬೇಗ ಸವೆಯುತ್ತದೆ ಅಂತ ಬರೆದರು. ಆ ಹೊಗೆ ತುಂಬಿದ ಊರಿನಲ್ಲಿ ಬಯಲಿಗೆ ಬಿದ್ದ ಅಮೃತಶಿಲೆ ನೂರು ವರ್ಷವೂ ತಾಳುವುದಿಲ್ಲ ಅಂತ ಅವರ ತೀರ್ಮಾನ. ಕಾರಣ ಸರಳ. ಕಲ್ಲಿದ್ದಲು ಸುಟ್ಟಾಗ ಗಂಧಕದ ಡೈಆಕ್ಸೈಡ್ ಬರುತ್ತದೆ. ಅದು ನೀರಿನ ಜೊತೆ ಸೇರಿ ಅಮೃತಶಿಲೆಯ ಕ್ಯಾಲ್ಸಿಯಂ ಕಾರ್ಬೊನೇಟನ್ನು ಜಿಪ್ಸಂ ಮಾಡುತ್ತದೆ. ಜಿಪ್ಸಂ ಮಳೆಗೆ ಕರಗಿ ಹೋಗುತ್ತದೆ.

ಕೆಲವು ಗೋರಿಗಳಲ್ಲಿ ಅಕ್ಷರ ಕೊರೆದು ಅದರೊಳಗೆ ಸೀಸ ತುಂಬಿರುತ್ತಾರೆ. ಹೊಸದಾಗಿದ್ದಾಗ ಸೀಸವೂ ಕಲ್ಲೂ ಒಂದೇ ಸಮ. ವರ್ಷಗಳು ಕಳೆದಂತೆ ಕಲ್ಲು ಸವೆಯುತ್ತದೆ, ಸೀಸ ಸವೆಯುವುದಿಲ್ಲ, ಹಾಗಾಗಿ ಅಕ್ಷರಗಳು ಉಬ್ಬಿ ನಿಲ್ಲುತ್ತವೆ. ಆ ಉಬ್ಬನ್ನು ಅಳೆದು, ಸತ್ತ ವರ್ಷದಿಂದ ಲೆಕ್ಕ ಹಾಕಿದರೆ ಆ ಊರಿನ ಗಾಳಿ ಎಷ್ಟು ಕೆಟ್ಟಿತ್ತು ಅಂತ ಅಂದಾಜು ಸಿಗುತ್ತದೆ. ಎಷ್ಟು ಚೆಂದದ ಉಪಕರಣ, ಅಲ್ವಾ? ಆದರೆ ಕಲ್ಲು ತನ್ನ ಜಾಗದಲ್ಲಿ, ತನ್ನ ದಿಕ್ಕಿಗೆ ಮುಖ ಮಾಡಿ ನಿಂತಿದ್ದರೆ ಮಾತ್ರ ಈ ಲೆಕ್ಕಕ್ಕೆ ಬೆಲೆ. ಕಿತ್ತು ಮರದ ನೆರಳಿಗೋ ಗೋಡೆಯ ಮರೆಗೋ ಇಟ್ಟ ಮೇಲೆ ಎಷ್ಟು ವರ್ಷ ಎಷ್ಟು ಮಳೆ ತಾಗಿತು ಅಂತ ಹೇಳುವವರು ಯಾರು?

ಕಲ್ಲುಹೂವಿನ ಕಥೆಯೂ ಇಂಥದ್ದೇ. ನಮ್ಮ ಮಸಾಲೆ ಡಬ್ಬಿಯಲ್ಲಿರುತ್ತದಲ್ಲ, ಅದರ ಬಳಗದವೇ ಗೋರಿಗಳ ಮೇಲೆ ಹಳದಿ, ಬೂದು ಮಚ್ಚೆಗಳಾಗಿ ಹಬ್ಬುತ್ತವೆ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ ಅದು. ಬೆಳೆಯುವುದು ಬಹಳ ನಿಧಾನ, ಕೆಲವು ಜಾತಿ ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. 1950ರ ಸುಮಾರಿಗೆ ರೋಲಾಂಡ್ ಬೆಷೆಲ್ ಅನ್ನುವ ಆಸ್ಟ್ರಿಯಾದ ಸಸ್ಯವಿಜ್ಞಾನಿ ಗೋರಿಗಳ ಮೇಲಿನ ಕಲ್ಲುಹೂವನ್ನು ಅಳೆದರು. ಗೋರಿಯ ವರ್ಷ ಗೊತ್ತಿದ್ದರಿಂದ ಬೆಳೆಯುವ ವೇಗ ಸಿಕ್ಕಿತು. ಆ ವೇಗ ಹಿಡಿದುಕೊಂಡು, ಹಿಮನದಿಗಳು ಹಿಂದೆ ಸರಿದಾಗ ಬಿಟ್ಟುಹೋದ ಬಂಡೆಗಳ ವಯಸ್ಸು ಲೆಕ್ಕ ಹಾಕುವ ವಿಧಾನ ಕಟ್ಟಿದರು. ಯಾರದೋ ಊರಿನ ಅಜ್ಜಿಯ ಗೋರಿಯಿಂದ ಹಿಮನದಿಯ ಚರಿತ್ರೆ!

ಲಂಡನ್ನಿನ ಕಲ್ಲುಹೂವುಗಳು ಇನ್ನೊಂದು ಪಾಠ ಹೇಳುತ್ತವೆ. ಗಂಧಕದ ಹೊಗೆಗೆ ಬಹುತೇಕ ಜಾತಿಗಳು ಸತ್ತವು. ಲೆಕನೋರಾ ಕೋನಿಜಿಯಾಯ್ಡಿಸ್ ಅನ್ನುವ ಒಂದು ಜಾತಿ ಮಾತ್ರ ಆ ಹೊಗೆಯಲ್ಲೇ ಹುಲುಸಾಗಿ ಬೆಳೆಯಿತು. 1952ರ ಡಿಸೆಂಬರಿನಲ್ಲಿ ಹೊಗೆಮಂಜು ಕವಿದು ಸಾವಿರಾರು ಜನ ಸತ್ತ ಮೇಲೆ, 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು. ಗಾಳಿ ತಿಳಿಯಾಗುತ್ತ ಬಂದಂತೆ ಹಳೆಯ ಜಾತಿಗಳು ಮರಳಿದವು, ಹೊಗೆಯನ್ನೇ ನೆಚ್ಚಿಕೊಂಡಿದ್ದ ಆ ಒಂದು ಜಾತಿ ಈಗ ಅಪರೂಪವಾಗಿದೆ.

ಕಲ್ಲು ಕಿತ್ತರೆ ಏನಾಗುತ್ತದೆ ಅನ್ನುವುದಕ್ಕೆ ಬನ್‌ಹಿಲ್ಲಿನಲ್ಲೇ ಉದಾಹರಣೆ ಇದೆ. 1827ರಲ್ಲಿ ಸತ್ತ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್ ಅವರನ್ನು ಇಲ್ಲೇ ಹೂಳಿದರು. ಎರಡನೇ ಮಹಾಯುದ್ಧದ ಬಾಂಬುಗಳಿಂದ ಸ್ಮಶಾನಕ್ಕೆ ಪೆಟ್ಟು ಬಿತ್ತು. 1960ರ ದಶಕದಲ್ಲಿ ಉತ್ತರ ಭಾಗದ ಗೋರಿಗಳನ್ನು ತೆಗೆದು ಹುಲ್ಲುಹಾಸು ಮಾಡಿದರು. ಬ್ಲೇಕ್ ಹೆಸರಿನ ಕಲ್ಲನ್ನೂ ಬೇರೆ ಕಡೆ ನಿಲ್ಲಿಸಿದರು. ಆ ಕಲ್ಲು ಹೇಳುವುದು ಅವರ ದೇಹ ಇಲ್ಲೇ ಹತ್ತಿರದಲ್ಲೆಲ್ಲೋ ಇದೆ ಅಂತ ಮಾತ್ರ. ಪುಣ್ಯಕ್ಕೆ ಹೂಳಿದ ದಾಖಲೆಯಲ್ಲಿ ಪೂರ್ವ-ಪಶ್ಚಿಮ 77, ಉತ್ತರ-ದಕ್ಷಿಣ 32 ಅಂತ ಅಂಕಿಗಳಿದ್ದವು. ಆಸಕ್ತರಿಬ್ಬರು ವರ್ಷಗಟ್ಟಲೆ ಕೆಲಸ ಮಾಡಿ ಜಾಗ ಗುರುತಿಸಿದರು. 2018ರಲ್ಲಿ ಅಲ್ಲಿ ಹೊಸ ಕಲ್ಲು ಬಂತು. ಹೆಸರಾದ ಕವಿಗೇ ಇಷ್ಟು ಕಷ್ಟ ಪಡಬೇಕಾಯಿತು, ಉಳಿದವರಿಗೆ ಯಾರು ಹುಡುಕುತ್ತಾರೆ? ನಮ್ಮಲ್ಲಿ ವೀರಗಲ್ಲನ್ನು ಹೊಲದಿಂದ ಎತ್ತಿ ಗುಡಿಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದಾಗಲೂ ಇದೇ ನಷ್ಟ. ಆ ವೀರ ಎಲ್ಲಿ ಬಿದ್ದ ಅನ್ನುವುದು ಅಳಿಸಿಹೋಗುತ್ತದೆ.

ಅದೇ ಬನ್‌ಹಿಲ್ಲಿನಲ್ಲಿ 1761ರಲ್ಲಿ ಸತ್ತ ಥಾಮಸ್ ಬೇಯ್ಸ್ ಅವರ ಕುಟುಂಬದ ಗೋರಿ ಇದೆ. ಹೊಸ ಸಾಕ್ಷಿ ಸಿಕ್ಕಾಗ ನಮ್ಮ ಅಂದಾಜನ್ನು ಎಷ್ಟು ಬದಲಿಸಬೇಕು ಅಂತ ಹೇಳುವ ಗಣಿತ ಅವರದ್ದು. ರೋಗಪರೀಕ್ಷೆಯ ಫಲಿತಾಂಶವನ್ನು ಎಷ್ಟು ನಂಬಬಹುದು ಅನ್ನುವುದರಿಂದ ಹಿಡಿದು ಇಮೇಲಿನ ಕಸ ಬೇರ್ಪಡಿಸುವವರೆಗೆ ಅದು ಬಳಕೆಯಲ್ಲಿದೆ. ಪ್ರಪಂಚದ ನಾನಾ ಕಡೆಯ ಸಂಖ್ಯಾಶಾಸ್ತ್ರಜ್ಞರು ದುಡ್ಡು ಕೂಡಿಸಿ 1969ರಲ್ಲಿ ಆ ಗೋರಿಯನ್ನು ಸರಿಮಾಡಿಸಿದರು. ಗೋರಿ ಗುರುತು ಸಿಗುವಂತೆ ಅಲ್ಲೇ ನಿಂತಿತ್ತು, ಹಾಗಾಗಿ ಅದಾಯಿತು.

ಅಮೆರಿಕದ ಡೆನ್ವರಿನ ಕಥೆ ಇದಕ್ಕಿಂತ ಕೆಟ್ಟದ್ದು. 1893ರಲ್ಲಿ ಸ್ಮಶಾನ ಖಾಲಿ ಮಾಡಿಸಲು ಪೆಟ್ಟಿಗೆಗೆ ಇಷ್ಟು ಅಂತ ಗುತ್ತಿಗೆ ಕೊಟ್ಟರು. ಗುತ್ತಿಗೆದಾರ ದುಡ್ಡಿನ ಆಸೆಗೆ ಒಂದೊಂದು ದೇಹವನ್ನು ಹಲವು ಚಿಕ್ಕ ಪೆಟ್ಟಿಗೆಗಳಲ್ಲಿ ತುಂಬಿದ. ಗಲಾಟೆಯಾಗಿ ಕೆಲಸ ನಿಂತಿತು. ಇವತ್ತಿನ ಚೀಸ್‌ಮನ್ ಪಾರ್ಕಿನ ಹುಲ್ಲಿನ ಕೆಳಗೆ ಸುಮಾರು ಎರಡು ಸಾವಿರ ದೇಹಗಳು ಇನ್ನೂ ಇವೆ ಅಂತ ಅಂದಾಜು. ಮೇಲೆ ಅವರ ಕಲ್ಲುಗಳಿಲ್ಲ, ಹೆಸರುಗಳಿಲ್ಲ.

ಹಾಗಾಗಿ ಎಲ್ಲಾದರೂ ಹಳೆಯ ಸ್ಮಶಾನವನ್ನು ಪಾರ್ಕ್ ಮಾಡಲು ಹೊರಟರೆ, ಮೊದಲ ಖರ್ಚು ಹುಲ್ಲಿಗಲ್ಲ, ನಕ್ಷೆಗೆ. ಪ್ರತಿ ಕಲ್ಲಿನ ಜಾಗ, ಮುಖದ ದಿಕ್ಕು, ಬರಹ, ಫೋಟೋ ದಾಖಲಾಗಲಿ. ಓಲಾಡುವ ಕಲ್ಲನ್ನು ಅಲ್ಲೇ ಭದ್ರ ಮಾಡಿ. ಸ್ವಯಂಸೇವಕರು ಉತ್ಸಾಹದಿಂದ ತಂತಿ ಬ್ರಷ್ಷು, ಬ್ಲೀಚು ಹಿಡಿದು ಬಂದರೆ ದಯವಿಟ್ಟು ತಡೆಯಿರಿ. ಬ್ರಷ್ಷು ಅಕ್ಷರವನ್ನೇ ಕೆರೆಯುತ್ತದೆ, ಬ್ಲೀಚಿನ ಉಪ್ಪು ಕಲ್ಲಿನ ರಂಧ್ರಕ್ಕೆ ಇಳಿದು ಹರಳುಗಟ್ಟಿ ಒಳಗಿಂದ ಸೀಳುತ್ತದೆ. ಅಕ್ಷರ ಓದಲು ಬ್ರಷ್ಷು ಬೇಕಿಲ್ಲ. ಸಂಜೆ ಹೊತ್ತಿನಲ್ಲಿ ಒಂದು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಬರಹವೂ ಎಷ್ಟೋ ಸಲ ಕಾಣುತ್ತದೆ.